ಪೆನ್‌ಡ್ರೈವ್ ಲಿನಕ್ಸ್‌ನಲ್ಲಿ ಮೌಂಟ್ ಆಗುತ್ತಿಲ್ಲವೇ? ಫಾರ್ಮ್ಯಾಟ್ ಒತ್ತುವ ಮೊದಲು ಇಷ್ಟು ನೋಡಿ

ಪೆನ್‌ಡ್ರೈವ್ ಚುಚ್ಚಿದಿರಿ. ಫೈಲ್ ಮ್ಯಾನೇಜರ್‌ನಲ್ಲಿ ಏನೂ ಬರಲಿಲ್ಲ. ಅಥವಾ ಹೆಸರು ಬಂತು, ಕ್ಲಿಕ್ ಮಾಡಿದರೆ ಮೌಂಟ್ ಆಗಲಿಲ್ಲ ಅಂತ ಒಂದು ಪೆಟ್ಟಿಗೆ ಎದ್ದಿತು. ಇಲ್ಲಿಂದ ಮುಂದೆ ಹೆಚ್ಚಿನವರು ಕಿತ್ತು ಕಿತ್ತು ಮತ್ತೆ ಚುಚ್ಚುತ್ತಾರೆ. ಅದೂ ಆಗದಿದ್ದರೆ ಹುಡುಕಿದಾಗ ಸಿಕ್ಕ ಮೊದಲ ಕಮಾಂಡನ್ನೇ ತಂದು ಟರ್ಮಿನಲ್‌ಗೆ ಅಂಟಿಸುತ್ತಾರೆ. ಕಿತ್ತು ಚುಚ್ಚುವುದರಿಂದ ದೊಡ್ಡ ನಷ್ಟವಿಲ್ಲ. ಆದರೆ ಯಾವುದೋ ರಿಪೇರಿ ಕಮಾಂಡ್ ಅಂಟಿಸಿದರೆ ಮದುವೆ ಫೋಟೊ, ಪ್ರಾಜೆಕ್ಟ್ ವರದಿ, ಅಂಗಡಿ ಲೆಕ್ಕ ಎಲ್ಲವೂ ಹೋಗಬಹುದು.

ಮೌಂಟ್ ಆಗದ ಡ್ರೈವ್ ಎಲ್ಲೋ ಒಂದು ಹಂತದಲ್ಲಿ ನಿಂತಿರುತ್ತದೆ. ಕೇಬಲ್ ಮತ್ತು ಪೋರ್ಟ್ ಒಂದು ಹಂತ. ಲಿನಕ್ಸ್‌ನ ತಿರುಳಾದ ಕೆರ್ನಲ್ ಅದನ್ನು ಡಿಸ್ಕ್ ಎಂದು ಗುರುತಿಸುವುದು ಇನ್ನೊಂದು. ಒಳಗಿನ ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ) ಮತ್ತು ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಓದುವುದು ಮತ್ತೊಂದು. ಕೊನೆಗೆ ಡೆಸ್ಕ್‌ಟಾಪ್ ಅದನ್ನು ಒಂದು ಫೋಲ್ಡರ್‌ಗೆ ಜೋಡಿಸಿ ನಿಮ್ಮ ಮುಂದಿಡಬೇಕು. ಮೌಂಟ್ ಅಂದರೆ ಇದೇ. ಯಾವ ಹಂತದಲ್ಲಿ ನಿಂತಿದೆ ಎಂದು ಗೊತ್ತಾಗುವವರೆಗೆ ಯಾವ ರಿಪೇರಿಗೂ ಕೈ ಹಾಕಬೇಡಿ. ಡ್ರೈವ್ ಸಾಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ ನೋಡುವ ಕೆಲಸದಿಂದ ಡೇಟಾಗೆ ಏನೂ ಆಗುವುದಿಲ್ಲ. ಬರೆಯುವ ಕೆಲಸದಿಂದ ಆಗುತ್ತದೆ.

ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ಅಡ್ಡಗೆರೆ, ಓರೆಗೆರೆ, ಚುಕ್ಕೆ, ಅಂಕಿ ಇದ್ದ ಹಾಗೇ ಇರಲಿ. ಸುಡೊ ಅಂದರೆ ಕಮಾಂಡನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸುವುದು.

ಮೊದಲ ಹೆಜ್ಜೆ: ಕೆರ್ನಲ್ ಏನು ಹೇಳುತ್ತಿದೆ?

ಡ್ರೈವ್ ಕಿತ್ತುಬಿಡಿ. ಟರ್ಮಿನಲ್ ತೆರೆದು ಇದನ್ನು ಹಾಕಿ:

ಸುಡೊ ಡಿಎಂಇಎಸ್‌ಜಿ -ಡಬ್ಲ್ಯು

ಹಳೆಯ ಸಾಲುಗಳೆಲ್ಲ ಓಡಿ ನಿಲ್ಲುತ್ತವೆ. ಎರಡು ಸಲ ಎಂಟರ್ ಒತ್ತಿ ಜಾಗ ಬಿಡಿ. ಈಗ ಡ್ರೈವ್ ಚುಚ್ಚಿ. ಹೊಸದಾಗಿ ಬರುವ ಸಾಲುಗಳಷ್ಟೇ ನಮಗೆ ಬೇಕು. ನೋಡಿ ಮುಗಿದ ಮೇಲೆ ಕಂಟ್ರೋಲ್ ಸಿ ಒತ್ತಿದರೆ ನಿಲ್ಲುತ್ತದೆ.

ಎಲ್ಲ ಸರಿ ಇದ್ದರೆ ಮೊದಲು ‘ನ್ಯೂ ಹೈ-ಸ್ಪೀಡ್ ಯುಎಸ್‌ಬಿ ಡಿವೈಸ್’ ಅಥವಾ ‘ನ್ಯೂ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್’ ಎನ್ನುವ ಸಾಲು ಬರುತ್ತದೆ. ಹೈ-ಸ್ಪೀಡ್ ಅಂದರೆ ಯುಎಸ್‌ಬಿ 2 ವೇಗ, ಸೂಪರ್‌ಸ್ಪೀಡ್ ಅಂದರೆ ಯುಎಸ್‌ಬಿ 3. ನಿಮ್ಮದು ಯುಎಸ್‌ಬಿ 3 ಡ್ರೈವ್ ಆಗಿ ನೀಲಿ ಪೋರ್ಟ್‌ಗೇ ಚುಚ್ಚಿದ್ದರೂ ಹೈ-ಸ್ಪೀಡ್ ಎಂದೇ ಬಂದರೆ ಕೇಬಲ್ ಅಥವಾ ಪೋರ್ಟ್ ಮೇಲೆ ಒಂದು ಕಣ್ಣಿಡಿ. ಆಮೇಲೆ ಕಂಪನಿ ಹೆಸರು, ಸೈಜ್ ಬರುತ್ತವೆ. ಕೊನೆಯಲ್ಲಿ ‘ಅಟ್ಯಾಚ್ಡ್ ಸ್ಕಸಿ ರಿಮೂವಬಲ್ ಡಿಸ್ಕ್’ ಎಂದಿರುತ್ತದೆ. ಪೆನ್‌ಡ್ರೈವ್‌ನಲ್ಲಿ ಸ್ಕಸಿ ಎಲ್ಲಿಂದ ಬಂತು ಎಂದು ಗಾಬರಿ ಬೇಡ. ಲಿನಕ್ಸ್ ಯುಎಸ್‌ಬಿ ಡಿಸ್ಕ್‌ಗಳ ಜೊತೆ ಆ ಭಾಷೆಯಲ್ಲೇ ಮಾತಾಡುತ್ತದೆ, ಅಷ್ಟೇ.

ಅದೇ ಸಾಲಿನಲ್ಲಿ ಚೌಕ ಆವರಣದೊಳಗೆ ಡ್ರೈವ್‌ನ ಹೆಸರು ಇರುತ್ತದೆ: ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಹೀಗೆ. ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತುಂಬ ಬರಹಗಳಲ್ಲಿ ಪೆನ್‌ಡ್ರೈವ್ ಅಂದರೆ ಎಸ್‌ಡಿಬಿ ಎಂದೇ ಇರುತ್ತದೆ. ಅದನ್ನು ನಂಬಬೇಡಿ. ಎನ್‌ವಿಎಂಇ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ನಲ್ಲಿ ಒಳಗಿನ ಡಿಸ್ಕ್‌ನ ಹೆಸರೇ ಬೇರೆ ಥರ ಇರುತ್ತದೆ. ಅಲ್ಲಿ ಪೆನ್‌ಡ್ರೈವ್ ಎಸ್‌ಡಿಎ ಆಗಬಹುದು. ಹಳೆಯ ಕಂಪ್ಯೂಟರ್‌ನಲ್ಲಿ ಎಸ್‌ಡಿಎ ಅಂದರೆ ನಿಮ್ಮ ಇಡೀ ಸಿಸ್ಟಮ್ ಇರುವ ಡಿಸ್ಕ್. ಈ ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮುಂದಿನ ಉದಾಹರಣೆಗಳಲ್ಲಿ ನಾನೂ ಎಸ್‌ಡಿಬಿ ಎಂದೇ ಬರೆಯುತ್ತೇನೆ. ನೀವು ನಿಮ್ಮ ಚೀಟಿಯಲ್ಲಿರುವ ಹೆಸರನ್ನು ಹಾಕಿ.

ಕೆಟ್ಟ ಸುದ್ದಿಯೂ ಇಲ್ಲೇ ಬರುತ್ತದೆ. ‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್’ ಎಂದು ಶುರುವಾಗಿ ‘ಎರರ್ -71’ ಅಥವಾ ‘ಎರರ್ -110’ ಎಂದು ಮುಗಿಯುವ ಸಾಲುಗಳಿದ್ದರೆ ಕಂಪ್ಯೂಟರ್ ಮತ್ತು ಡ್ರೈವ್ ನಡುವೆ ಮಾತುಕತೆಯೇ ನಡೆಯುತ್ತಿಲ್ಲ. 71 ಅಂದರೆ ಬಂದ ಉತ್ತರ ಅರ್ಥವಾಗಲಿಲ್ಲ. 110 ಅಂದರೆ ಕಾದರೂ ಉತ್ತರ ಬರಲಿಲ್ಲ. ಇಲ್ಲಿ ಫೈಲ್ ಸಿಸ್ಟಮ್ ರಿಪೇರಿ ಮಾಡುವ ಕಮಾಂಡ್ ಹಾಕುವುದರಲ್ಲಿ ಅರ್ಥವೇ ಇಲ್ಲ. ‘ಐ/ಒ ಎರರ್’ ಮತ್ತು ಒಂದು ಸೆಕ್ಟರ್ ಸಂಖ್ಯೆ ಪದೇ ಪದೇ ಬಂದರೆ ಡ್ರೈವ್ ಒಳಗೇ ಪೆಟ್ಟಾಗಿರಬಹುದು. ಹಾಗಿದ್ದರೆ ಉಳಿದದ್ದನ್ನು ಬಿಟ್ಟು ನೇರವಾಗಿ ಕೆಳಗಿನ ‘ಸಾಯುತ್ತಿರುವ ಡ್ರೈವ್’ ಭಾಗಕ್ಕೆ ಹೋಗಿ.

ಒಂದು ಸಾಲೂ ಬರದಿದ್ದರೆ

ಚುಚ್ಚಿದರೂ ಟರ್ಮಿನಲ್ ಸುಮ್ನೆ ಕೂತಿದೆ ಎಂದರೆ ಲಿನಕ್ಸ್‌ಗೆ ನೀವು ಏನೋ ಚುಚ್ಚಿದ್ದೀರಿ ಎಂಬುದೇ ಗೊತ್ತಿಲ್ಲ. ಬೇರೆ ಪೋರ್ಟ್ ನೋಡಿ. ಡೆಸ್ಕ್‌ಟಾಪ್ ಆಗಿದ್ದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ, ಅಂದರೆ ಮದರ್‌ಬೋರ್ಡ್‌ನಲ್ಲೇ ಇರುವ ಪೋರ್ಟ್‌ಗೆ ಚುಚ್ಚಿ. ಹಬ್ ಇದ್ದರೆ ತೆಗೆದುಬಿಡಿ. ಕೇಬಲ್ ಇರುವ ಹಾರ್ಡ್ ಡಿಸ್ಕ್ ಆದರೆ ಬೇರೆ ಕೇಬಲ್ ಹಾಕಿ. ಚಾರ್ಜ್ ಮಾಡಲು ಮಾತ್ರ ಬರುವ ಕೇಬಲ್‌ಗಳು ಮನೆ ತುಂಬ ಇರುತ್ತವೆ. ಅವುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ನೋಡಲು ಎಲ್ಲವೂ ಒಂದೇ ಥರ.

ತಿರುಗುವ ಹಾರ್ಡ್ ಡಿಸ್ಕ್‌ಗಳಿಗೆ ಕರೆಂಟ್ ಜಾಸ್ತಿ ಬೇಕು. ಯುಎಸ್‌ಬಿ 2 ಪೋರ್ಟ್ 500 ಮಿಲಿ ಆಂಪಿಯರ್ ಕೊಡುತ್ತದೆ, ಯುಎಸ್‌ಬಿ 3 ಪೋರ್ಟ್ 900. ಎರಡೂವರೆ ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವ ಹೊತ್ತಿಗೆ ಇದಕ್ಕೂ ಜಾಸ್ತಿ ಎಳೆಯಬಹುದು. ಆಗ ಅದು ಟಕ್ ಟಕ್ ಎಂದು ಸದ್ದು ಮಾಡಿ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಲಾಗ್‌ನಲ್ಲೂ, ಅಂದರೆ ಡಿಎಂಇಎಸ್‌ಜಿ ತೋರಿಸುವ ಸಾಲುಗಳಲ್ಲೂ, ಬಂತು, ಹೋಯಿತು ಎಂದು ಕಾಣುತ್ತದೆ. ಪವರ್ ಅಡಾಪ್ಟರ್ ಇರುವ ಹಬ್‌ಗೆ ಹಾಕಿ ನೋಡಿ. ಮೂರೂವರೆ ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇಕೇ ಬೇಕು. ಅದರ ಅಡಾಪ್ಟರ್ ಇಲ್ಲದೆ ಬರೀ ಯುಎಸ್‌ಬಿಯಿಂದ ಅದು ಏಳುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಬೇರೆ ಕಂಪ್ಯೂಟರ್‌ನಲ್ಲೂ ಅದೇ ಮೌನ ಇದ್ದರೆ ತೊಂದರೆ ಲಿನಕ್ಸ್‌ದಲ್ಲ.

ಯುಎಸ್‌ಬಿ ಕಾಣುತ್ತದೆ, ಡಿಸ್ಕ್ ಕಾಣುವುದಿಲ್ಲ

ಎಲ್‌ಎಸ್‌ಯುಎಸ್‌ಬಿ ಎಂದು ಹಾಕಿದರೆ ಚುಚ್ಚಿರುವ ಎಲ್ಲ ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ಎಲ್‌ಎಸ್‌ಬಿಎಲ್‌ಕೆ ಎಂದು ಹಾಕಿದರೆ ಡಿಸ್ಕ್‌ಗಳ ಪಟ್ಟಿ. ಮೊದಲನೆಯದರಲ್ಲಿ ಇದೆ, ಎರಡನೆಯದರಲ್ಲಿ ಇಲ್ಲ ಎಂದರೆ ತೊಡಕು ನಡುವೆ ಇದೆ.

ಆರ್ಚ್ ಲಿನಕ್ಸ್ ಬಳಸುವವರಿಗೆ ಇದರ ಮಾಮೂಲಿ ಕಾರಣ ಗೊತ್ತಿರಬೇಕು. ಬೆಳಿಗ್ಗೆ ಅಪ್‌ಡೇಟ್ ಹಾಕಿದಿರಿ. ಅದರಲ್ಲಿ ಹೊಸ ಕೆರ್ನಲ್ ಬಂತು. ರೀಬೂಟ್ ಮಾಡಲಿಲ್ಲ. ಆಗ ಓಡುತ್ತಿರುವುದು ಹಳೆ ಕೆರ್ನಲ್. ಆದರೆ ಅದರ ಮಾಡ್ಯೂಲ್‌ಗಳ (ಬೇಕಾದಾಗ ಲೋಡ್ ಆಗುವ ಡ್ರೈವರ್ ತುಣುಕುಗಳ) ಫೋಲ್ಡರ್ ಡಿಸ್ಕ್‌ನಿಂದ ಅಳಿಸಿಹೋಗಿರುತ್ತದೆ. ಮೊದಲೇ ಲೋಡ್ ಆದ ಮಾಡ್ಯೂಲ್‌ಗಳು ನಡೆಯುತ್ತಿರುತ್ತವೆ, ಹಾಗಾಗಿ ಏನೂ ಗೊತ್ತಾಗುವುದಿಲ್ಲ. ಸಂಜೆ ಪೆನ್‌ಡ್ರೈವ್ ಚುಚ್ಚಿದಾಗ ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲ್ ಹುಡುಕಲು ಹೋದ ಕೆರ್ನಲ್ ಬರಿಗೈಯಲ್ಲಿ ವಾಪಸ್ ಬರುತ್ತದೆ. ಪರೀಕ್ಷೆ ಸುಲಭ:

ಯುನೇಮ್ -ಆರ್
ಎಲ್‌ಎಸ್ /ಲಿಬ್/ಮಾಡ್ಯೂಲ್ಸ್

ಮೊದಲನೆಯದು ತೋರಿಸುವ ಆವೃತ್ತಿ ಎರಡನೆಯ ಪಟ್ಟಿಯಲ್ಲಿ ಇಲ್ಲದಿದ್ದರೆ ರೀಬೂಟ್ ಮಾಡಿ. ಅಷ್ಟಕ್ಕೇ ಸರಿಹೋಗುತ್ತದೆ. ಉಬುಂಟು, ಫೆಡೋರಾಗಳು ಹಳೆ ಕೆರ್ನಲ್ ಅನ್ನು ಸ್ವಲ್ಪ ಕಾಲ ಉಳಿಸಿಕೊಳ್ಳುವುದರಿಂದ ಅಲ್ಲಿ ಇದು ಅಪರೂಪ. ವಿಂಡೋಸ್‌ನಿಂದ ಬಂದವರಿಗೆ ‘ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ಸಲಹೆ ಕೇಳಿದರೇ ಸಿಟ್ಟು ಬರುತ್ತದೆ. ಇಲ್ಲಿ ಮಾತ್ರ ಅದಕ್ಕೆ ಗಟ್ಟಿ ಕಾರಣವಿದೆ.

ಡಿಸ್ಕ್ ಪಟ್ಟಿಯಲ್ಲಿ ಹೆಸರು ಇದ್ದು ಸೈಜ್ ಮಾತ್ರ ಸೊನ್ನೆ ಎಂದಿದ್ದರೆ ಅದು ಕಾರ್ಡ್ ಇಲ್ಲದ ಕಾರ್ಡ್ ರೀಡರ್ ಇರಬೇಕು. ಕಾರ್ಡ್ ಒತ್ತಿ ಸರಿಯಾಗಿ ಕೂರಿಸಿ. ಪೆನ್‌ಡ್ರೈವ್‌ಗೇ ಸೊನ್ನೆ ಬಂದರೆ ಒಳಗಿನ ಕಂಟ್ರೋಲರ್ ಚಿಪ್‌ಗೆ ತನ್ನದೇ ಮೆಮೊರಿ ಸಿಗುತ್ತಿಲ್ಲ. ಯಾವ ಕಮಾಂಡ್‌ನಿಂದಲೂ ಇದು ಸರಿಯಾಗುವುದು ಕಷ್ಟ.

ವರ್ಚುವಲ್‌ಬಾಕ್ಸ್ ಓಡುತ್ತಿದೆಯೇ? ಅದರೊಳಗಿನ ಸಿಸ್ಟಮ್ ನಿಮ್ಮ ಡ್ರೈವ್ ಎಳೆದುಕೊಂಡಿರಬಹುದು. ಅದರ ಯುಎಸ್‌ಬಿ ಮೆನುವಿನಲ್ಲಿ ಟಿಕ್ ತೆಗೆಯಿರಿ. ಇನ್ನು ಆಂಡ್ರಾಯ್ಡ್ ಫೋನ್ ಚುಚ್ಚಿ ಡಿಸ್ಕ್ ಪಟ್ಟಿಯಲ್ಲಿ ಹುಡುಕುವವರಿದ್ದಾರೆ. ಫೋನ್ ಎಂಟಿಪಿ ಎಂಬ ಬೇರೆ ದಾರಿಯಲ್ಲಿ ಬರುತ್ತದೆ, ಡಿಸ್ಕ್ ಆಗಿ ಬರುವುದೇ ಇಲ್ಲ. ಫೋನಿನ ಪರದೆ ಮೇಲೆ ಫೈಲ್ ಟ್ರಾನ್ಸ್‌ಫರ್ ಆಯ್ಕೆ ಮಾಡಿ, ಫೈಲ್ ಮ್ಯಾನೇಜರ್‌ನಲ್ಲಿ ನೋಡಿ.

ಸಾಟಾ ಡಿಸ್ಕ್ ಅನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್‌ಗಳದ್ದು ಇನ್ನೊಂದು ಕಥೆ. ಲಾಗ್‌ನಲ್ಲಿ ‘ಯುಎಎಸ್’ ಎಂದು ಶುರುವಾಗುವ ಸಾಲುಗಳು, ಅಬಾರ್ಟ್, ರೀಸೆಟ್ ಎಂಬ ಮಾತುಗಳು ತುಂಬಿದ್ದರೆ ಆ ಅಡಾಪ್ಟರ್‌ಗೆ ವೇಗದ ಯುಎಎಸ್ ವಿಧಾನ ಸರಿಯಾಗಿ ಬರುತ್ತಿಲ್ಲ ಎಂದು ಊಹಿಸಬಹುದು. ಹಳೆಯ ವಿಧಾನಕ್ಕೆ ಇಳಿಸಬಹುದು. ಎಲ್‌ಎಸ್‌ಯುಎಸ್‌ಬಿ ಪಟ್ಟಿಯಲ್ಲಿ ಆ ಅಡಾಪ್ಟರ್ ಎದುರು ನಡುವೆ ಕೋಲನ್ ಇರುವ ಎರಡು ನಾಲ್ಕಕ್ಷರದ ಗುರುತುಗಳಿರುತ್ತವೆ. ಬೂಟ್ ಸಾಲಿಗೆ, ಅಂದರೆ ಶುರುವಾಗುವಾಗ ಕೆರ್ನಲ್‌ಗೆ ಕೊಡುವ ಆಯ್ಕೆಗಳ ಸಾಲಿಗೆ, ಯುಎಸ್‌ಬಿ-ಸ್ಟೋರೇಜ್.ಕ್ವರ್ಕ್ಸ್= ಎಂದು ಬರೆದು, ಆ ಗುರುತನ್ನು ಹಾಗೇ ಹಾಕಿ, ಕೊನೆಗೆ :ಯು ಸೇರಿಸಬೇಕು. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಡಿಸ್ಕ್ ನಿಲ್ಲುತ್ತದೆ.

ಡಿಸ್ಕ್ ಇದೆ. ಒಳಗೆ ಏನಿದೆ?

ಈ ಲೇಖನದಲ್ಲಿ ಒಂದೇ ಒಂದು ಕಮಾಂಡ್ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ:

ಎಲ್‌ಎಸ್‌ಬಿಎಲ್‌ಕೆ -ಎಫ್

ಪ್ರತಿ ಡಿಸ್ಕ್, ಅದರ ಪಾರ್ಟಿಷನ್, ಪ್ರತಿಯೊಂದರಲ್ಲಿ ಯಾವ ಫೈಲ್ ಸಿಸ್ಟಮ್ ಇದೆ, ಲೇಬಲ್ ಏನು, ಈಗಾಗಲೇ ಎಲ್ಲಿ ಮೌಂಟ್ ಆಗಿದೆ, ಎಲ್ಲವನ್ನೂ ತೋರಿಸುತ್ತದೆ. ಏನನ್ನೂ ಬದಲಿಸುವುದಿಲ್ಲ.

ಮೊದಲು ಕೊನೆಯ ಕಾಲಂ ನೋಡಿ. ಅಲ್ಲಿ ಒಂದು ದಾರಿ ಕಂಡರೆ ಡ್ರೈವ್ ಆಗಲೇ ಮೌಂಟ್ ಆಗಿದೆ! ಉಬುಂಟು, ಡೆಬಿಯನ್‌ಗಳಲ್ಲಿ ಅದು /ಮೀಡಿಯಾ ಕೆಳಗೆ ನಿಮ್ಮ ಹೆಸರಿನ ಫೋಲ್ಡರ್‌ನಲ್ಲಿ ಇರುತ್ತದೆ. ಫೆಡೋರಾ, ಆರ್ಚ್‌ಗಳಲ್ಲಿ /ರನ್/ಮೀಡಿಯಾ ಕೆಳಗೆ. ಫೈಲ್ ಮ್ಯಾನೇಜರ್‌ನ ಪಕ್ಕದ ಪಟ್ಟಿಯಲ್ಲಿ ಕಾಣದಿದ್ದರೂ ಅಲ್ಲಿ ಹೋಗಿ ನೋಡಬಹುದು.

ಇನ್ನು ಫೈಲ್ ಸಿಸ್ಟಮ್ ಕಾಲಂ. ವಿಫ್ಯಾಟ್, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಎಂದಿದ್ದರೆ ಮಾಮೂಲಿ. ಐಎಸ್‌ಒ9660 ಎಂದಿದ್ದರೆ ಯಾವತ್ತೋ ಆ ಪೆನ್‌ಡ್ರೈವ್ ಮೇಲೆ ಲಿನಕ್ಸ್ ಇನ್‌ಸ್ಟಾಲ್ ಮಾಡುವ ಇಮೇಜ್ ಬರೆದಿದ್ದೀರಿ. ಅದು ಸಿಡಿಯ ಫೈಲ್ ಸಿಸ್ಟಮ್. ಓದಬಹುದು, ಬರೆಯಲಾಗದು. 32 ಜಿಬಿ ಡ್ರೈವ್ ಮೂರು ಜಿಬಿಯಂತೆ ಕಾಣುವುದೂ ಇದರಿಂದಲೇ. ಡ್ರೈವ್ ಕೆಟ್ಟಿಲ್ಲ. ಒಳಗೆ ಬೇಕಾದ್ದೇನೂ ಇಲ್ಲ ಎಂದು ಖಚಿತವಾದ ಮೇಲೆ ಡಿಸ್ಕ್ಸ್ ಎಂಬ ಗ್ನೋಮ್ ಆಪ್‌ನಲ್ಲಿ ಪಾರ್ಟಿಷನ್ ಮಾತ್ರವಲ್ಲ, ಇಡೀ ಡ್ರೈವನ್ನೇ ಹೊಸದಾಗಿ ಫಾರ್ಮ್ಯಾಟ್ ಮಾಡಿ.

ಬಿಟ್‌ಲಾಕರ್ ಎಂದಿದ್ದರೆ ವಿಂಡೋಸ್‌ನಲ್ಲಿ ಬೀಗ ಹಾಕಿದ ಡ್ರೈವ್. ಆಫೀಸಿನಿಂದ ಬಂದ ಡ್ರೈವ್‌ಗಳಲ್ಲಿ ಇದು ಸಾಮಾನ್ಯ. 2020ರಲ್ಲಿ ಬಂದ ಕ್ರಿಪ್ಟ್‌ಸೆಟಪ್ 2.3ರಿಂದ ಲಿನಕ್ಸ್ ಇದನ್ನು ತೆರೆಯಬಲ್ಲದು. ಹೊಸ ಡೆಸ್ಕ್‌ಟಾಪ್‌ಗಳಲ್ಲಿ ಕ್ಲಿಕ್ ಮಾಡಿದರೆ ಪಾಸ್‌ವರ್ಡ್ ಕೇಳುತ್ತದೆ. 48 ಅಂಕಿಯ ರಿಕವರಿ ಕೀ ಕೂಡ ನಡೆಯುತ್ತದೆ. ಕ್ರಿಪ್ಟೊ ಲಕ್ಸ್ ಎಂದಿದ್ದರೆ ಲಿನಕ್ಸ್‌ನದ್ದೇ ಬೀಗ. ಎಲ್‌ವಿಎಂ2 ಮೆಂಬರ್ ಎಂದಿದ್ದರೆ ಯಾವುದೋ ಲಿನಕ್ಸ್ ಸಿಸ್ಟಮ್‌ನ ಒಳ ಡಿಸ್ಕ್ ಅದು. ಸುಡೊ ವಿಜಿಚೇಂಜ್ -ಎವೈ ಎಂದು ಹಾಕಿದರೆ ಒಳಗಿನ ಭಾಗಗಳು ಕಾಣಿಸಿಕೊಳ್ಳುತ್ತವೆ.

ಈ ಕಾಲಂ ಖಾಲಿ ಇದ್ದರೆ ಸ್ವಲ್ಪ ನಿಧಾನಿಸಿ. ಎಸ್‌ಡಿಬಿ ಎದುರು ಖಾಲಿ, ಅದರ ಕೆಳಗಿನ ಎಸ್‌ಡಿಬಿ1 ಎದುರು ಎಕ್ಸ್‌ಫ್ಯಾಟ್ ಎಂದಿದ್ದರೆ ಸರಿಯಾಗಿಯೇ ಇದೆ. ಮೌಂಟ್ ಮಾಡಬೇಕಾದ್ದು ಎಸ್‌ಡಿಬಿ1, ಎಸ್‌ಡಿಬಿ ಅಲ್ಲ. ಕೆಲವು ಡ್ರೈವ್‌ಗಳಲ್ಲಿ ಇದು ಉಲ್ಟಾ. ಪಾರ್ಟಿಷನ್ನೇ ಇಲ್ಲದೆ ಇಡೀ ಡಿಸ್ಕ್ ಮೇಲೆ ಫೈಲ್ ಸಿಸ್ಟಮ್ ಇರುತ್ತದೆ. ಆಗ ಎಸ್‌ಡಿಬಿಯನ್ನೇ ಮೌಂಟ್ ಮಾಡಬೇಕು. ಎರಡರ ಎದುರೂ ಏನೂ ಇಲ್ಲದಿದ್ದರೆ ಪಾರ್ಟಿಷನ್ ಟೇಬಲ್ ಅಥವಾ ಫೈಲ್ ಸಿಸ್ಟಮ್ ಹಾಳಾಗಿರಬಹುದು. ವೆರಾಕ್ರಿಪ್ಟ್‌ನಲ್ಲಿ ಬೀಗ ಹಾಕಿದ ಡ್ರೈವ್ ಕೂಡ ಹೀಗೇ ಖಾಲಿಯಾಗಿ ಕಾಣುತ್ತದೆ. ಹಾಗಾಗಿ ಡ್ರೈವ್ ಕೊಟ್ಟವರನ್ನು ಒಮ್ಮೆ ಕೇಳಿ. ಇದೇ ಡ್ರೈವನ್ನು ವಿಂಡೋಸ್‌ಗೆ ಹಾಕಿದರೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಬೇಡ ಎನ್ನಿ.

ಕೈಯಾರೆ ಮೌಂಟ್ ಮಾಡಿ ನೋಡುವುದು

ಈಗ ಡೆಸ್ಕ್‌ಟಾಪ್ ಬಿಟ್ಟು ನಾವೇ ಕೇಳೋಣ:

ಯುಡಿಸ್ಕ್ಸ್‌ಸಿಟಿಎಲ್ ಮೌಂಟ್ -ಬಿ /ಡೆವ್/ಎಸ್‌ಡಿಬಿ1

ಇದಕ್ಕೆ ಸುಡೊ ಬೇಡ. ಡೆಸ್ಕ್‌ಟಾಪ್ ತೆರೆಮರೆಯಲ್ಲಿ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಇದು ಕೆಲಸ ಮಾಡಿದರೆ ಡ್ರೈವ್ ಚೆನ್ನಾಗಿದೆ, ತಾನೇ ಮೌಂಟ್ ಆಗುವ ವ್ಯವಸ್ಥೆ ಮಾತ್ರ ಇಲ್ಲ. ಐ3, ಸ್ವೇ ಥರದ ಬರೀ ವಿಂಡೋ ಮ್ಯಾನೇಜರ್ ಬಳಸುವವರು ಡ್ರೈವ್‌ಗಳನ್ನು ತಾನಾಗಿ ಮೌಂಟ್ ಮಾಡುವ ಯುಡಿಸ್ಕಿ ಹಾಕಿಕೊಳ್ಳಿ. ಕೆಡಿಇಯಲ್ಲಿ ಡ್ರೈವ್ ಬಂದಿದೆ ಎಂಬ ಸೂಚನೆ ಬರುತ್ತದೆ, ನೀವೇ ಕ್ಲಿಕ್ ಮಾಡಬೇಕು. ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ಆಗುವಂತೆ ಮಾಡಬಹುದು. ಎಸ್‌ಎಸ್‌ಎಚ್ ಮೂಲಕ ಬಂದಿದ್ದರೆ ‘ನಾಟ್ ಆಥರೈಸ್ಡ್’ ಎನ್ನಬಹುದು. ಎದುರಿಗೆ ಕೂತವರಿಗೆ ಕೊಡುವ ಸಲುಗೆಯನ್ನು ದೂರದವರಿಗೆ ಅದು ಕೊಡುವುದಿಲ್ಲ.

ಸುಡೊ ಮೌಂಟ್ ಬಳಸುವ ಅಭ್ಯಾಸ ಇರುವವರಿಗೆ ಒಂದು ಮಾತು. ಫ್ಯಾಟ್ ಡ್ರೈವನ್ನು ಹಾಗೆ ಮೌಂಟ್ ಮಾಡಿದರೆ ಎಲ್ಲ ಫೈಲ್‌ಗಳೂ ರೂಟ್‌ಗೆ (ಅಡ್ಮಿನ್‌ಗೆ) ಸೇರಿದಂತೆ ಕಾಣುತ್ತವೆ, ನಿಮಗೆ ಬರೆಯಲು ಬಿಡುವುದಿಲ್ಲ. ಕೆಲವು ಸಿಸ್ಟಮ್‌ಗಳಲ್ಲಿ ಕನ್ನಡದ ಫೈಲ್ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಫೈಲ್ ಹಾಳಾಯಿತು ಎಂದುಕೊಳ್ಳಬೇಡಿ. ಹೆಸರನ್ನು ಯಾವ ಅಕ್ಷರ ಪದ್ಧತಿಯಲ್ಲಿ ತೋರಿಸಬೇಕು ಎಂದು ನೀವು ಹೇಳಿಲ್ಲ, ಅಷ್ಟೇ. -ಓ ಯುಐಡಿ=1000,ಯುಟಿಎಫ್8 ಎಂದು ಸೇರಿಸಿ ಮತ್ತೆ ಮೌಂಟ್ ಮಾಡಿ. 1000 ಎಂಬುದು ಸಾಮಾನ್ಯವಾಗಿ ಮೊದಲ ಬಳಕೆದಾರರ ಸಂಖ್ಯೆ. ಐಡಿ ಎಂಬ ಕಮಾಂಡ್ ನಿಮ್ಮದನ್ನು ತೋರಿಸುತ್ತದೆ. ಯುಡಿಸ್ಕ್ಸ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಅದನ್ನೇ ಬಳಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಮೌಂಟ್ ಆಗದಿದ್ದರೆ ಹೆಚ್ಚಾಗಿ ಬರುವುದು ಒಂದು ಉದ್ದದ ಸಾಲು: ‘ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್...’ ಇದನ್ನು ಓದಿ ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್‌ನ ಮುಖ್ಯ ವಿವರಗಳಿರುವ ಭಾಗ) ಹಾಳಾಯಿತು ಎಂದು ನಿರ್ಧರಿಸುವವರು ಬಹಳ. ಅದು ಹೇಳುತ್ತಿರುವುದು ‘ಇವುಗಳಲ್ಲಿ ಯಾವುದೋ ಒಂದು’ ಎಂದು ಮಾತ್ರ. ನಿಜವಾದ ಕಾರಣ ಅದೇ ಕ್ಷಣ ಡಿಎಂಇಎಸ್‌ಜಿಯ ಕೊನೆಯ ಸಾಲುಗಳಲ್ಲಿ ಬಂದಿರುತ್ತದೆ. ಅಲ್ಲಿ ನೋಡಿ.

ವಿಂಡೋಸ್ ಬಿಟ್ಟುಹೋದ ಎನ್‌ಟಿಎಫ್‌ಎಸ್

ಹೊರಗಿನ ಹಾರ್ಡ್ ಡಿಸ್ಕ್‌ಗಳಲ್ಲಿ ಈ ದೂರು ಜಾಸ್ತಿ. ಲಾಗ್‌ನಲ್ಲಿ ‘ವಾಲ್ಯೂಮ್ ಈಸ್ ಡರ್ಟಿ’ ಎಂದೋ, ‘ಅನ್‌ಕ್ಲೀನ್ ಫೈಲ್ ಸಿಸ್ಟಮ್’ ಎಂದೋ ಇರುತ್ತದೆ. ಅದನ್ನು ಸರಿಯಾಗಿ ಮುಚ್ಚದೆ ಬಿಟ್ಟಿದೆ ಎಂದು ಇದರ ಅರ್ಥ.

ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದು ಬಂದಿದೆ. ಷಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಮಲಗುತ್ತದೆ. ಆ ಹೊತ್ತಿಗೆ ತೆರೆದಿದ್ದ ಎನ್‌ಟಿಎಫ್‌ಎಸ್ ಪಾರ್ಟಿಷನ್‌ಗಳನ್ನು ತಾನು ಇನ್ನೂ ಬಳಸುತ್ತಿದ್ದೇನೆ ಎಂದೇ ಅದು ಭಾವಿಸಿರುತ್ತದೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡೂ ಸಿಸ್ಟಮ್ ಇಟ್ಟುಕೊಂಡವರಿಗೆ ಇದರ ಕಾಟ ಹೆಚ್ಚು. ಹೊರಗಿನ ಡಿಸ್ಕ್ ಅನ್ನು ಇಜೆಕ್ಟ್ ಮಾಡದೆ ಕಿತ್ತರೂ ಡರ್ಟಿ ಗುರುತು ಉಳಿಯುತ್ತದೆ. 2021ರಲ್ಲಿ ಬಂದ 5.15 ಕೆರ್ನಲ್‌ನಿಂದ ಪ್ಯಾರಾಗಾನ್ ಕಂಪನಿ ಕೊಟ್ಟ ಎನ್‌ಟಿಎಫ್‌ಎಸ್3 ಡ್ರೈವರ್ ಲಿನಕ್ಸ್‌ನಲ್ಲೇ ಇದೆ. ಡರ್ಟಿ ಗುರುತಿದ್ದರೆ ಬರೆಯುವಂತೆ ಮೌಂಟ್ ಮಾಡಲು ಅದು ಒಪ್ಪುವುದಿಲ್ಲ. ಹಳೆಯ ಎನ್‌ಟಿಎಫ್‌ಎಸ್-3ಜಿ ಡ್ರೈವರ್‌ಗೆ ತನ್ನದೇ ಕಟ್ಟುನಿಟ್ಟು ಇದೆ.

ಫೋರ್ಸ್ ಎಂಬ ಆಯ್ಕೆ ಹಾಕಿ ನುಗ್ಗಿಸಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ನಾನು ಕೊಡುವುದಿಲ್ಲ. ಅರ್ಜೆಂಟಾಗಿ ಫೈಲ್ ಬೇಕಿದ್ದರೆ ಓದಲು ಮಾತ್ರ ಮೌಂಟ್ ಮಾಡಿ:

ಸುಡೊ ಮೌಂಟ್ -ಓ ಆರ್‌ಓ /ಡೆವ್/ಎಸ್‌ಡಿಬಿ1 /ಎಂಎನ್‌ಟಿ

ಬೇಕಾದ್ದನ್ನು ನಕಲು ಮಾಡಿಕೊಳ್ಳಿ. ಆಮೇಲೆ ಡ್ರೈವನ್ನು ವಿಂಡೋಸ್ ಕಂಪ್ಯೂಟರ್‌ಗೆ ಹಾಕಿ, ಅದರ ಡಿಸ್ಕ್ ಪರೀಕ್ಷೆಯಾದ ಚೆಕ್‌ಡಿಸ್ಕ್ ಓಡಿಸಿ, ಇಜೆಕ್ಟ್ ಮಾಡಿ ತೆಗೆಯಿರಿ. ಎನ್‌ಟಿಎಫ್‌ಎಸ್ ಅನ್ನು ನಿಜವಾಗಿ ರಿಪೇರಿ ಮಾಡುವುದು ಅದೇ. ನಿಮ್ಮ ಮನೆಯಲ್ಲಿ ವಿಂಡೋಸ್ ಇಲ್ಲದಿದ್ದರೆ ಪಕ್ಕದವರ ಲ್ಯಾಪ್‌ಟಾಪ್ ಹತ್ತು ನಿಮಿಷ ಕೇಳಿ. ಲಿನಕ್ಸ್‌ನ ಎನ್‌ಟಿಎಫ್‌ಎಸ್‌ಫಿಕ್ಸ್ ಹೆಸರಿಗೆ ಫಿಕ್ಸ್, ಆದರೆ ಅದು ಕೆಲವು ಸಣ್ಣ ತಪ್ಪು ಸರಿಮಾಡಿ ಮುಂದಿನ ಸಲ ವಿಂಡೋಸ್ ಪರೀಕ್ಷೆ ಮಾಡಲಿ ಎಂದು ಗುರುತು ಹಾಕುತ್ತದೆ. -ಡಿ ಸೇರಿಸಿದರೆ ಡರ್ಟಿ ಗುರುತನ್ನೇ ಅಳಿಸುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ, ನಕಲು ಮಾಡಿಕೊಂಡ ಮೇಲೆ, ಅದನ್ನು ಬಳಸಿ.

ವಿಂಡೋಸ್ ನಿಮ್ಮದೇ ಆಗಿದ್ದರೆ ಅದರ ಪವರ್ ಸೆಟ್ಟಿಂಗ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಬಿಡಿ. ಅಲ್ಲಿಯವರೆಗೆ ಷಿಫ್ಟ್ ಹಿಡಿದು ಷಟ್‌ಡೌನ್ ಒತ್ತಿದರೆ ಪೂರ್ತಿ ಮುಚ್ಚುತ್ತದೆ. ವಿಚಿತ್ರ ಎಂದರೆ ರೀಸ್ಟಾರ್ಟ್ ಒತ್ತಿದರೂ ಪೂರ್ತಿಯೇ ಮುಚ್ಚುತ್ತದೆ.

ಫ್ಯಾಟ್, ಎಕ್ಸ್‌ಫ್ಯಾಟ್, ಇಎಕ್ಸ್‌ಟಿ4

64 ಜಿಬಿ ಮತ್ತು ಅದಕ್ಕೂ ದೊಡ್ಡ ಎಸ್‌ಡಿ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಆಗಿಯೇ ಬರುತ್ತವೆ. ಕ್ಯಾಮೆರಾದವರ ಕಾರ್ಡ್ ನಿಮ್ಮ ಹಳೆಯ ಲಿನಕ್ಸ್‌ನಲ್ಲಿ ‘ಅನ್‌ನೋನ್ ಫೈಲ್‌ಸಿಸ್ಟಮ್ ಟೈಪ್’ ಎಂದರೆ ಕಾರಣ ಇದು. ಮೈಕ್ರೋಸಾಫ್ಟ್ ಎಕ್ಸ್‌ಫ್ಯಾಟ್ ವಿವರಗಳನ್ನು ಬಹಿರಂಗ ಮಾಡಿದ್ದು 2019ರ ಆಗಸ್ಟ್‌ನಲ್ಲಿ. ಸ್ಯಾಮ್‌ಸಂಗ್ ಬರೆದ ಡ್ರೈವರ್ 2020ರ 5.7 ಕೆರ್ನಲ್‌ಗೆ ಸೇರಿತು. ಉಬುಂಟು 18.04ರಂಥ ಹಳೆಯದರಲ್ಲಿ ಎಕ್ಸ್‌ಫ್ಯಾಟ್-ಫ್ಯೂಸ್ ಪ್ಯಾಕೇಜ್ ಹಾಕಿಕೊಳ್ಳಬೇಕು. ಹೊಸದರಲ್ಲಿ ಮೌಂಟ್‌ಗೆ ಏನೂ ಬೇಡ, ರಿಪೇರಿಗೆ ಮಾತ್ರ ಎಕ್ಸ್‌ಫ್ಯಾಟ್‌ಪ್ರಾಗ್ಸ್ ಬೇಕು.

ಫ್ಯಾಟ್ ಡ್ರೈವ್‌ಗೆ ‘ಸರಿಯಾಗಿ ಅನ್‌ಮೌಂಟ್ ಮಾಡಿರಲಿಲ್ಲ, ಎಫ್‌ಎಸ್‌ಸಿಕೆ ಓಡಿಸಿ’ ಎಂಬ ಸಾಲು ಬಂದರೂ ಅದು ಮೌಂಟ್ ಆಗುತ್ತದೆ. ಎಫ್‌ಎಸ್‌ಸಿಕೆ ಅಂದರೆ ಫೈಲ್ ಸಿಸ್ಟಮ್ ಪರೀಕ್ಷಿಸಿ ರಿಪೇರಿ ಮಾಡುವ ಕಮಾಂಡ್. ರಿಪೇರಿ ಬೇಕೆನಿಸಿದರೆ ಮೊದಲು ಅನ್‌ಮೌಂಟ್ ಮಾಡಿ. ಮೌಂಟ್ ಆಗಿರುವ ಡ್ರೈವ್ ಮೇಲೆ ರಿಪೇರಿ ಓಡಿಸಿದರೆ ಇದ್ದದ್ದೂ ಕೆಡುತ್ತದೆ. ಆಮೇಲೆ ಸುಡೊ ಎಫ್‌ಎಸ್‌ಸಿಕೆ.ಫ್ಯಾಟ್ -ಎನ್ /ಡೆವ್/ಎಸ್‌ಡಿಬಿ1 ಎಂದು ಹಾಕಿ. -ಎನ್ ಇದ್ದರೆ ಬರೀ ನೋಡುತ್ತದೆ, ಬರೆಯುವುದಿಲ್ಲ. ತಪ್ಪುಗಳು ಕೆಲವೇ ಇದ್ದರೆ -ಎನ್ ಬದಲು -ಎ ಹಾಕಿ ಸರಿಮಾಡಿಸಿ. ಪರದೆ ತುಂಬ ತಪ್ಪುಗಳು ಓಡಿದರೆ ನಿಲ್ಲಿಸಿ, ಮೊದಲು ನಕಲು ಮಾಡಿ.

ಇಎಕ್ಸ್‌ಟಿ4ನಲ್ಲಿ ‘ಮೌಂಟ್ ಆಗುತ್ತಿಲ್ಲ’ ಎನ್ನುವ ಎಷ್ಟೋ ದೂರು ನಿಜವಾಗಿ ಅನುಮತಿಯ ದೂರು. ಡ್ರೈವ್ ಮೌಂಟ್ ಆಗಿದೆ, ಫೈಲ್‌ಗಳು ಇನ್ನೊಂದು ಕಂಪ್ಯೂಟರ್‌ನ ಬಳಕೆದಾರರ ಸಂಖ್ಯೆಯ ಹೆಸರಲ್ಲಿವೆ, ಅದಕ್ಕೇ ಒಳಗೆ ಬಿಡುತ್ತಿಲ್ಲ. ಸುಡೊ ಚೌನ್‌ನಿಂದ ಒಡೆತನ ಬದಲಿಸಿದರೆ ಮುಗಿಯಿತು. ಸೂಪರ್‌ಬ್ಲಾಕ್ ನಿಜವಾಗಿಯೂ ಹಾಳಾಗಿದ್ದರೆ ಇಎಕ್ಸ್‌ಟಿ4 ಅದರ ಪ್ರತಿಗಳನ್ನು ಬೇರೆ ಕಡೆ ಇಟ್ಟಿರುತ್ತದೆ. ಮಾಮೂಲಿ 4 ಕೆಬಿ ಬ್ಲಾಕ್ ಇರುವಲ್ಲಿ ಮೊದಲ ಪ್ರತಿ 32768ರಲ್ಲಿ. ಇ2ಎಫ್‌ಎಸ್‌ಸಿಕೆಗೆ -ಬಿ 32768 ಎಂದು ಕೊಟ್ಟರೆ ಅದರಿಂದ ಶುರು ಮಾಡುತ್ತದೆ.

ಓದಬಹುದು, ಬರೆಯಲಾಗದು

ಎಸ್‌ಡಿ ಕಾರ್ಡ್‌ನ ಪಕ್ಕದ ಪುಟ್ಟ ಗುಂಡಿ ಕೆಳಗೆ ಜಾರಿದೆಯೇ ನೋಡಿ. ತಮಾಷೆ ಏನೆಂದರೆ ಆ ಗುಂಡಿಗೂ ಕಾರ್ಡಿನ ಒಳಗಿನ ಚಿಪ್‌ಗೂ ಸಂಬಂಧವಿಲ್ಲ. ಅದು ಎಲ್ಲಿದೆ ಎಂದು ನೋಡುವುದು ಕಾರ್ಡ್ ರೀಡರ್. ರೀಡರ್‌ನ ಒಳಗಿನ ಸ್ವಿಚ್ ಕೆಟ್ಟರೆ ಯಾವ ಕಾರ್ಡ್ ಹಾಕಿದರೂ ಬೀಗ ಹಾಕಿದಂತೆಯೇ ಕಾಣುತ್ತದೆ. ಬೇರೆ ರೀಡರ್‌ನಲ್ಲಿ ಹಾಕಿದರೆ ಗೊತ್ತಾಗುತ್ತದೆ.

ಪೆನ್‌ಡ್ರೈವ್‌ಗೆ ‘ರೈಟ್ ಪ್ರೊಟೆಕ್ಟ್ ಈಸ್ ಆನ್’ ಎಂದು ಬಂದರೆ, ಅದರ ಮೈಮೇಲೆ ಸ್ವಿಚ್ ಇಲ್ಲದಿದ್ದರೆ, ಆಯಸ್ಸು ಮುಗಿದಿರಬಹುದು. ಫ್ಲ್ಯಾಷ್ ಮೆಮೊರಿ ಬರೆದು ಬರೆದು ಸವೆದಾಗ ಕೆಲವು ಕಂಟ್ರೋಲರ್‌ಗಳು ಇನ್ನು ಬರೆಯುವುದು ಬೇಡ ಎಂದು ಬಾಗಿಲು ಹಾಕಿಕೊಳ್ಳುತ್ತವೆ. ಇದನ್ನು ‘ಬಿಡಿಸುವ’ ಉಪಾಯಗಳನ್ನು ಹುಡುಕಿ ಸಮಯ ಕಳೆಯಬೇಡಿ. ಓದಲು ಬಿಡುತ್ತಿರುವಾಗಲೇ ನಕಲು ಮಾಡಿಕೊಳ್ಳಿ.

ಮೊದಲು ಬರೆಯುತ್ತಿದ್ದು, ನಡುವೆ ಇದ್ದಕ್ಕಿದ್ದಂತೆ ನಿಂತರೆ ಕೆರ್ನಲ್ ತಪ್ಪು ಕಂಡು ತಾನೇ ಓದಲು-ಮಾತ್ರಕ್ಕೆ ಬದಲಿಸಿದೆ. ತುಂಬ ಅಗ್ಗಕ್ಕೆ ಸಿಕ್ಕ 1 ಟಿಬಿ ಪೆನ್‌ಡ್ರೈವ್ ಆಗಿದ್ದರೆ ಎಫ್3 ಎಂಬ ಪ್ಯಾಕೇಜ್ ಹಾಕಿ. ಎಫ್3ರೈಟ್ ಖಾಲಿ ಜಾಗವನ್ನೆಲ್ಲ ತುಂಬುತ್ತದೆ, ಎಫ್3ರೀಡ್ ಬರೆದದ್ದು ನಿಜಕ್ಕೂ ಇದೆಯೇ ಎಂದು ನೋಡುತ್ತದೆ. ಸುಳ್ಳು ಸೈಜ್ ಹೇಳುವ ಡ್ರೈವ್ ಇಲ್ಲಿ ಸಿಕ್ಕಿಬೀಳುತ್ತದೆ.

ಎಫ್‌ಎಸ್‌ಟ್ಯಾಬ್‌ನ ಹಳೆಯ ಸಾಲು

ಇದು ಅಷ್ಟಾಗಿ ಯಾರೂ ನೋಡದ ಜಾಗ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಎಂದು ಬರೆದಿಡುವ ಫೈಲ್ ಎಫ್‌ಎಸ್‌ಟ್ಯಾಬ್. ಪೆನ್‌ಡ್ರೈವ್‌ನಿಂದ ಡೆಬಿಯನ್ ಇನ್‌ಸ್ಟಾಲ್ ಮಾಡಿದವರು /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲ್ ಒಮ್ಮೆ ತೆರೆಯಿರಿ. ಇನ್‌ಸ್ಟಾಲರ್ ತಾನು ಬಂದ ಪೆನ್‌ಡ್ರೈವನ್ನೇ ಸಿಸ್ಟಮ್‌ನ ಭಾಗ ಎಂದುಕೊಂಡು /ಡೆವ್/ಎಸ್‌ಡಿಬಿ1ಗೆ ಒಂದು ಸಾಲು ಬರೆದಿರಬಹುದು. ಎದುರಿಗೆ /ಮೀಡಿಯಾ/ಯುಎಸ್‌ಬಿ0 ಅಥವಾ /ಮೀಡಿಯಾ/ಸಿಡಿರಾಮ್0 ಎಂದಿರುತ್ತದೆ. ಆಮೇಲೆ ನೀವು ಯಾವ ಡ್ರೈವ್ ಚುಚ್ಚಿದರೂ, ಅದಕ್ಕೆ ಎಸ್‌ಡಿಬಿ1 ಎಂಬ ಹೆಸರು ಬಂದರೆ, ಈ ಸಾಲಿನ ಪ್ರಕಾರವೇ ನಡೆಯುತ್ತದೆ. ಸಿಡಿ ಎಂದು ಬರೆದಿದ್ದರೆ ಒಳ್ಳೆಯ ಎಕ್ಸ್‌ಫ್ಯಾಟ್ ಡ್ರೈವ್‌ಗೂ ‘ರಾಂಗ್ ಎಫ್‌ಎಸ್ ಟೈಪ್’ ಬರುತ್ತದೆ. ಸಾಲಿನ ಮುಂದೆ ಒಂದು # ಹಾಕಿ, ಸುಡೊ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್ ಎಂದು ಹೇಳಿ, ಮತ್ತೆ ಚುಚ್ಚಿ.

ಬ್ಯಾಕಪ್ ಡಿಸ್ಕ್‌ಗೆ ನೀವೇ ಸಾಲು ಬರೆಯುವುದಾದರೆ ಎಸ್‌ಡಿಬಿ1 ಎಂದು ಬರೆಯಬೇಡಿ, ಎಲ್‌ಎಸ್‌ಬಿಎಲ್‌ಕೆ -ಎಫ್ ತೋರಿಸುವ ಯುಯುಐಡಿ (ಆ ಫೈಲ್ ಸಿಸ್ಟಮ್‌ನ ಗುರುತಿನ ಸಂಖ್ಯೆ) ಹಾಕಿ. ಹೊಸದಾಗಿ ಫಾರ್ಮ್ಯಾಟ್ ಮಾಡಿದರೆ ಆ ಸಂಖ್ಯೆ ಬದಲಾಗುತ್ತದೆ, ಸಾಲನ್ನೂ ಬದಲಿಸಬೇಕು. ಆಯ್ಕೆಗಳಲ್ಲಿ ನೋಫೇಲ್ ಸೇರಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಡಿಸ್ಕ್ ಚುಚ್ಚದೆ ಕಂಪ್ಯೂಟರ್ ಶುರು ಮಾಡಿದ ದಿನ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರುತ್ತದೆ.

ಸಾಯುತ್ತಿರುವ ಡ್ರೈವ್

ಐ/ಒ ಎರರ್ ಸಾಲುಗಟ್ಟಿ ಬರುತ್ತಿದ್ದರೆ ಎಫ್‌ಎಸ್‌ಸಿಕೆ, ಚೆಕ್‌ಡಿಸ್ಕ್ ಎರಡೂ ಬೇಡ. ರಿಪೇರಿ ಅಂದರೆ ತುಂಬ ಓದು, ತುಂಬ ಬರಹ. ಮೂಳೆ ಮುರಿದವರನ್ನು ಎಬ್ಬಿಸಿ ಓಡಿಸಿದಂತೆ ಅದು. ಮೊದಲು ಇಡೀ ಡ್ರೈವ್‌ನ ನಕಲು ತೆಗೆಯಿರಿ. ಡಿಡಿರೆಸ್ಕ್ಯೂ ಎಂಬ ಸಾಧನ ಇದಕ್ಕೆಂದೇ ಇದೆ. ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ.

ಸುಡೊ ಡಿಡಿರೆಸ್ಕ್ಯೂ -ಡಿ /ಡೆವ್/ಎಸ್‌ಡಿಬಿ ನಕಲು.ಐಎಂಜಿ ನಕಲು.ಮ್ಯಾಪ್

ಇಲ್ಲಿ ಎಸ್‌ಡಿಬಿ1 ಅಲ್ಲ, ಇಡೀ ಎಸ್‌ಡಿಬಿ. ನಕಲು ಇಡುವ ಕಡೆ ಡ್ರೈವ್‌ನ ಪೂರ್ತಿ ಸೈಜ್‌ನಷ್ಟು ಜಾಗ ಬೇಕು. ಅದು ಸುಲಭವಾಗಿ ಸಿಗುವುದನ್ನು ಮೊದಲು ತೆಗೆದು, ಕಷ್ಟದ ಜಾಗಗಳಿಗೆ ಆಮೇಲೆ ಬರುತ್ತದೆ. ನಡುವೆ ಕರೆಂಟ್ ಹೋದರೆ ಇದೇ ಕಮಾಂಡ್ ಮತ್ತೆ ಹಾಕಿ. ಮ್ಯಾಪ್ ಫೈಲ್ ನೋಡಿ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಆಮೇಲಿನ ಪ್ರಯೋಗಗಳೆಲ್ಲ ಆ ನಕಲಿನ ಮೇಲೆ. ಕಳೆದುಹೋದ ಪಾರ್ಟಿಷನ್ ಹುಡುಕಲು ಟೆಸ್ಟ್‌ಡಿಸ್ಕ್, ಫೈಲ್ ಸಿಸ್ಟಮ್ಮೇ ಇಲ್ಲದಿದ್ದರೂ ಫೋಟೊ, ವೀಡಿಯೊ ಹೆಕ್ಕಲು ಫೋಟೊರೆಕ್. ಫೋಟೊರೆಕ್‌ನಿಂದ ಬಂದ ಫೈಲ್‌ಗಳಿಗೆ ಹಳೆಯ ಹೆಸರು ಇರುವುದಿಲ್ಲ. ಕೂತು ಜೋಡಿಸಬೇಕು.

ಡಿಸ್ಕ್ ಟಕ್ ಟಕ್ ಎಂದು ಒಂದೇ ಸಮ ಸದ್ದು ಮಾಡುತ್ತಿದ್ದು, ಕರೆಂಟ್ ಸರಿಯಾಗಿಯೇ ಸಿಗುತ್ತಿದ್ದರೆ, ಒಳಗಿನ ಡೇಟಾ ಬೇಕೇ ಬೇಕೆನಿಸಿದರೆ, ಡಿಡಿರೆಸ್ಕ್ಯೂ ಕೂಡ ಬೇಡ. ಆಫ್ ಮಾಡಿ ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ. ಪ್ರತಿ ಸಲ ತಿರುಗಿದಾಗಲೂ ಸ್ವಲ್ಪ ಸ್ವಲ್ಪ ಹೋಗುತ್ತಿರುತ್ತದೆ.

ತೆಗೆಯುವಾಗ

ಮೇಲೆ ಹೇಳಿದ ಡರ್ಟಿ ಗುರುತು, ಫ್ಯಾಟ್ ತಪ್ಪುಗಳು, ಅರ್ಧಂಬರ್ಧ ಫೈಲ್‌ಗಳು, ಇವುಗಳಲ್ಲಿ ಬಹಳಷ್ಟು ಹುಟ್ಟುವುದು ಡ್ರೈವ್ ತೆಗೆಯುವ ಹೊತ್ತಿನಲ್ಲಿ. ಕಾಪಿ ಆಗುವ ಪಟ್ಟಿ ನೂರಕ್ಕೆ ಬಂತು ಎಂದರೆ ಫೈಲ್ ಪೆನ್‌ಡ್ರೈವ್‌ಗೆ ಹೋಯಿತು ಎಂದಲ್ಲ. ಲಿನಕ್ಸ್ ಅದನ್ನು ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಂಡು ನಿಧಾನಕ್ಕೆ ಬರೆಯುತ್ತದೆ. ಎಷ್ಟು ಬಾಕಿ ಇದೆ ಎಂದು ನೋಡಬೇಕಿದ್ದರೆ:

ಗ್ರೆಪ್ -ಐ ಡರ್ಟಿ /ಪ್ರೊಕ್/ಮೆಮ್‌ಇನ್ಫೊ

ಸಿಂಕ್ ಎಂದು ಹಾಕಿ ಅದು ಮುಗಿಯುವವರೆಗೆ ಕಾಯಿರಿ, ಅಥವಾ ಇಜೆಕ್ಟ್ ಒತ್ತಿ ‘ಈಗ ತೆಗೆಯಬಹುದು’ ಎನ್ನುವವರೆಗೆ ಕಾಯಿರಿ. ‘ಟಾರ್ಗೆಟ್ ಈಸ್ ಬ್ಯುಸಿ’ ಎಂದರೆ ಯಾರೋ ಒಳಗಿದ್ದಾರೆ. ಬಹಳ ಸಲ ಅದು ನೀವೇ, ಇನ್ನೊಂದು ಟರ್ಮಿನಲ್‌ನಲ್ಲಿ ಅದೇ ಫೋಲ್ಡರ್‌ನಲ್ಲಿ ನಿಂತಿರುತ್ತೀರಿ. ಸುಡೊ ಫ್ಯೂಸರ್ -ವಿಎಂ ಎಂದು ಬರೆದು ಮುಂದೆ ಮೌಂಟ್ ಆದ ಫೋಲ್ಡರ್‌ನ ದಾರಿ ಕೊಟ್ಟರೆ ಯಾವ ಪ್ರೋಗ್ರಾಂ ಹಿಡಿದಿದೆ ಎಂದು ಹೆಸರು ಹೇಳುತ್ತದೆ. ಅದನ್ನು ಮುಚ್ಚಿ ಅನ್‌ಮೌಂಟ್ ಮಾಡಿ. ತಿರುಗುವ ಹಾರ್ಡ್ ಡಿಸ್ಕ್ ಆದರೆ ಯುಡಿಸ್ಕ್ಸ್‌ಸಿಟಿಎಲ್ ಪವರ್-ಆಫ್ -ಬಿ /ಡೆವ್/ಎಸ್‌ಡಿಬಿ ಎಂದೂ ಹಾಕಿ. ತಟ್ಟೆ ತಿರುಗುವುದು ನಿಂತ ಮೇಲೆ ಕೇಬಲ್ ಎಳೆಯಿರಿ.